ಹಿಕ್ಕೆ ಮೆತ್ತಿದ ಜಾಲಿ ಮರ ಕಡಿಯಬೇಕೇ?

ಪ್ರಿಯ ಓದುಗರೇ,

ಮಕ್ಕಳ ಜೊತೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಗೆ ಹೋಗಿದ್ದಿರಿ. ನೀರಿನ ನಡುವಿನ ಜಾಲಿ ಮರಗಳೆಲ್ಲ ಹಕ್ಕಿಗಳ ಹಿಕ್ಕೆ ಮೆತ್ತಿ ಬೆಳ್ಳಗಾಗಿವೆ, ನಿಲ್ಲೋಕಾಗದಷ್ಟು ವಾಸನೆ ಎಂದು ಬರೆದಿದ್ದೀರಿ. ಮರ ಕಡಿದು, ಹೂಳೆತ್ತಿ, ಬೋಟ್ ಬಿಟ್ಟರೆ ಜನ ಜಾಸ್ತಿ ಬರುತ್ತಾರೆ ಅಲ್ವಾ ಎಂದೂ ಕೇಳಿದ್ದೀರಿ.

ದಯವಿಟ್ಟು ಮರ ಕಡಿಯುವ ಮಾತು ಬೇಡ. ಹಕ್ಕಿಗಳು ಗೂಡು ಕಟ್ಟುವುದೇ ಅವುಗಳ ಮೇಲೆ. ಕರಿಜಾಲಿಯ ಮುಳ್ಳುಕೊಂಬೆಗಳ ಸಂದಿಗೆ ಸಿಕ್ಕಿಸಿದ ಕಡ್ಡಿ ಗಾಳಿಗೆ ಸುಲಭವಾಗಿ ಜಾರುವುದಿಲ್ಲ. ಸುತ್ತ ನೀರಿದ್ದರೆ ಬೆಕ್ಕು, ನಾಯಿಗಳ ಕಾಟವೂ ಕಮ್ಮಿ. 98 ಹೆಕ್ಟೇರ್ ಚಿಲ್ಲರೆಯ ಈ ಕೆರೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ, ಅಂದರೆ ಜಗತ್ತಿನ ಮಟ್ಟದಲ್ಲಿ ಮುಖ್ಯವಾದ ಜೌಗುನೆಲ ಎಂಬ ಮನ್ನಣೆ, ಸಿಕ್ಕಿತು. ಅದು ಹಕ್ಕಿಗಳ ಪುಣ್ಯ. ಇನ್ನು ಹಿಕ್ಕೆ: ನೀರಿಗೆ ಬಿದ್ದದ್ದು ಪಾಚಿಗೆ ಗೊಬ್ಬರ, ಪಾಚಿಯಿಂದ ಹುಳ, ಹುಳದಿಂದ ಮೀನು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮರದಡಿಯ ಹಿಕ್ಕೆಯನ್ನು ರೈತರು ಕೂಡಿಟ್ಟು ಹೊಲಕ್ಕೆ ಹಾಕುತ್ತಾ ಬಂದಿದ್ದಾರೆ.

ಬೋಟ್ ಅಂದಾಗ ನನಗೆ ಭಯವಾಯಿತು. ಮಧ್ಯಾಹ್ನದ ಬಿಸಿಲಲ್ಲಿ ಬಣ್ಣದ ಕೊಕ್ಕರೆಯ ಗೂಡು ನೋಡಿ. ತಾಯಿಯೋ ತಂದೆಯೋ ರೆಕ್ಕೆ ಅಗಲಿಸಿ, ಸೂರ್ಯನಿಗೆ ಬೆನ್ನು ಕೊಟ್ಟು ನಿಂತಿರುತ್ತದೆ. ಆ ನೆರಳಲ್ಲಿ ಮರಿಗಳು ಬಾಯಿ ತೆರೆದು ಏದುಸಿರು ಬಿಡುತ್ತಿರುತ್ತವೆ. ಬೋಟ್ ಹತ್ತಿರ ಬಂದರೆ ದೊಡ್ಡದು ಎದ್ದು ಹಾರುತ್ತದೆ, ಮರಿಗಳ ಮೈ ಸುಡುತ್ತದೆ. ಕಾಗೆ, ಹದ್ದಿಗೆ ಅಷ್ಟೇ ಸಾಕು.

ಹೂಳಿನ ವಿಷಯದಲ್ಲಿ ನಿಮ್ಮ ಮಾತು ತಳ್ಳಿಹಾಕಲಾರೆ. ರೈತರಿಗೆ ನೀರು ಬೇಕೇ ಬೇಕು. ಆದರೆ ಈ ಕೊಕ್ಕರೆ ಅರ್ಧ ತೆರೆದ ಕೊಕ್ಕನ್ನು ನೀರಲ್ಲಿ ಅದ್ದಿ, ಅತ್ತಿತ್ತ ಆಡಿಸುತ್ತಾ ನಡೆಯುತ್ತದೆ. ಮೀನು ತಾಗಿದ ತಕ್ಷಣ ಕಚ್ಚುತ್ತದೆ. ಅದಕ್ಕೆ ಕಾಲೂರುವಷ್ಟು ತೆಳು ನೀರು ಬೇಕು. ಮರಿಗಳು ಹಾರಿಹೋದ ಮೇಲೆ, ಮರಗಳಿಂದ ದೂರದಲ್ಲಿ, ಅಂಚು ಬಿಟ್ಟು ಹೂಳು ತೆಗೆಯಲಿ. ವರ್ಷಗಟ್ಟಲೆ ನೀರಲ್ಲೇ ನಿಂತರೆ ಜಾಲಿಯೂ ಸಾಯುತ್ತದೆ. ಹಾಗಾಗಿ ಈಗಲೇ ಸಸಿ ನೆಡಲಿ ಎಂದು ನೀವೂ ಒತ್ತಾಯಿಸಿ.

ಇನ್ನೊಮ್ಮೆ ಬೆಳಿಗ್ಗೆ ಬೇಗ ಹೋಗಿ. ಏರಿ ಮೇಲೆ ಸುಮ್ನೆ ಕೂತು, ಮಕ್ಕಳು ಒಂದೇ ಗೂಡನ್ನು ಒಂದು ಗಂಟೆ ನೋಡಲಿ. ಆಹಾರ ತಂದ ಹಕ್ಕಿ ಎಷ್ಟು ಸಲ ಬಂತು ಎಂದು ಅವರೇ ಬರೆದು ಕಳಿಸಲಿ, ಖಂಡಿತ ಅಚ್ಚು ಹಾಕುತ್ತೇವೆ.

ಸಂಪಾದಕ