ಎರಡನೇ ಸಲ ಓದಬೇಕಾದ ಕಾದಂಬರಿ
ಧಾರವಾಡಕ್ಕೆ ಹೊಸದಾಗಿ ಬಂದಿದ್ದೀರಿ, ಮತ್ತೆ ಮತ್ತೆ ಓದುವಂಥ ಒಂದೇ ಕಾದಂಬರಿ ಹೇಳಿ ಎಂದು ಕೇಳಿದ್ದೀರಿ. ಶಂಕರ ಮೊಕಾಶಿ ಪುಣೇಕರರ ‘ಗಂಗವ್ವ ಗಂಗಾಮಾಯಿ’ ಓದಿ. 1956ರ ಪುಸ್ತಕ, ಧಾರವಾಡದ್ದೇ ಕಥೆ.

ಮೊದಲ ಸಲ ಓದಿದಾಗ ನನಗೆ ರಾಘಪ್ಪನ ಮೇಲೆ ಸಿಟ್ಟು ಉಕ್ಕಿತ್ತು. ಒಡಹುಟ್ಟಿದ ಗಂಗವ್ವನಿಗೇ ತೊಂದರೆ ಕೊಡುವವ! ಹತ್ತು ವರ್ಷ ಬಿಟ್ಟು ಓದಿದೆ. ಈ ಸಲ ಅವನ ಮೇಲೆ ಮರುಕ ಬಂತು. ಗಂಗವ್ವನ ಹಟ ಜಾಸ್ತಿ ಕಾಣಿಸಿತು. ಪುಸ್ತಕ ಅದೇ, ಓದುವ ನಾನು ಬದಲಾಗಿದ್ದೆ, ಅಲ್ವಾ? ಮಾತುಗಳಂತೂ ನಮ್ಮ ಓಣಿಯವೇ. ಭಾಷೆ ತೊಡಕೆನಿಸಿದರೆ ಸುಮ್ನೆ ಜೋರಾಗಿ ಓದಿ, ತಿಳಿಯುತ್ತದೆ.

ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆಗೂ ಹೋಗಿ ಬನ್ನಿ. 1933ರಿಂದ ಪುಸ್ತಕ ತರುತ್ತಿರುವ ಪ್ರಕಾಶನ ಸಂಸ್ಥೆ ಅದು, ‘ಅಟ್ಟ’ ಎಂದೇ ಹೆಸರು. ಓದಿದ ಮೇಲೆ ರಾಘಪ್ಪನ ಬಗ್ಗೆ ಏನನಿಸಿತು, ಖಂಡಿತ ತಿಳಿಸಿ.