ಸ್ಪ್ರಿಂಗ್ ಏರ್ ರೈಫಲ್‌ಗೆ 6-24×50 ಸ್ಕೋಪ್ ಸರಿಹೋಗುತ್ತದೆಯೇ?

ಬೇಡ. ನೀವು ಹೊಡೆಯುವುದು ತೋಟದಲ್ಲಿ, 10ರಿಂದ 25 ಮೀಟರ್ ದೂರದ ಕಾಗದದ ಗುರಿಗೆ, ಅದೂ .177 (4.5 ಮಿ.ಮೀ. ಪೆಲೆಟ್‌ನ) ಸ್ಪ್ರಿಂಗ್ ರೈಫಲ್‌ನಲ್ಲಿ ಅಂತ ಬರೆದಿದ್ದೀರಿ. ಅಷ್ಟಕ್ಕೆ 3-9×40, ಅಂದರೆ 3ರಿಂದ 9 ಪಟ್ಟು ಹಿಗ್ಗಿಸುವ, ಮುಂದಿನ ಲೆನ್ಸ್ 40 ಮಿ.ಮೀ. ಇರುವ ಸ್ಕೋಪ್ ಧಾರಾಳ. ಆದರೆ ಈ ಅಂಕಿಗಳಿಗಿಂತ ಮೊದಲು ಅಂಗಡಿಯವರನ್ನು ಕೇಳಬೇಕಾದ್ದು ಇದು: ಫೋಕಸ್ 10 ಮೀಟರ್‌ವರೆಗೆ ಇಳಿಯುತ್ತದೆಯೇ?

ಬೇಟೆಯ ದೊಡ್ಡ ರೈಫಲ್‌ಗಳಿಗೆಂದು ಮಾಡಿದ ಸ್ಕೋಪ್‌ಗಳಲ್ಲಿ ಪ್ಯಾರಲಾಕ್ಸನ್ನು, ಅಂದರೆ ಕಣ್ಣು ಸರಿದಾಗ ಕ್ರಾಸ್‌ಹೇರ್ (ಸ್ಕೋಪಿನೊಳಗಿನ ಅಡ್ಡ-ಉದ್ದ ಗೆರೆ) ಜಾರುವ ದೋಷವನ್ನು, ಸಾಮಾನ್ಯವಾಗಿ 100 ಗಜಕ್ಕೆ (ಸುಮಾರು 91 ಮೀಟರಿಗೆ) ಇಲ್ಲವಾಗುವಂತೆ ಕಾರ್ಖಾನೆಯಲ್ಲೇ ಕೂರಿಸಿರುತ್ತಾರೆ. ಅದರಲ್ಲಿ 10 ಮೀಟರಿನ ಗುರಿ ಮಸುಕಾಗಿ ಕಾಣುತ್ತದೆ. ಮಸುಕನ್ನಾದರೂ ಸಹಿಸಬಹುದು, ಕಣ್ಣು ಒಂಚೂರು ಸರಿದರೂ ಕ್ರಾಸ್‌ಹೇರ್ ಗುರಿಯ ಮೇಲೆ ಜಾರುವುದನ್ನು ಸಹಿಸಲಾಗದು. ಖಾಲಿ ರೈಫಲನ್ನು ಮರಳುಚೀಲದ ಮೇಲೆ ಅಲ್ಲಾಡದಂತೆ ಇಟ್ಟು, ಮುಟ್ಟದೆ, ತಲೆಯನ್ನಷ್ಟೇ ಮೇಲೆ ಕೆಳಗೆ ಆಡಿಸಿ ನೋಡಿ. ಕ್ರಾಸ್‌ಹೇರ್ ಓಡಾಡಿದರೆ ಆ ಸ್ಕೋಪ್ ನಿಮ್ಮ ದೂರಕ್ಕಲ್ಲ. ಮುಂದಿನ ಲೆನ್ಸ್ ತಿರುಗಿಸಿ ಹೊಂದಿಸುವ 'ಎ.ಒ.' ಮಾದರಿ ಕೊಳ್ಳಿ.

ಝೂಮ್ ಏರಿಸಿದಷ್ಟೂ ಬೆಳಕು ಕಿರಿದಾಗುತ್ತದೆ. 50 ಮಿ.ಮೀ. ಲೆನ್ಸಿನಲ್ಲಿ 24 ಪಟ್ಟು ಹಿಗ್ಗಿಸಿದರೆ ಕಣ್ಣಿಗೆ ಸಿಗುವುದು 2 ಮಿ.ಮೀ.ನಷ್ಟೇ ಬೆಳಕಿನ ಬಿಂಬ. 40ರಲ್ಲಿ 9 ಪಟ್ಟಿಗೆ 4.4. ಅಡಿಕೆ ತೋಟದ ನೆರಳಿನಲ್ಲಿ ಈ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ.

ಇನ್ನೊಂದು, ಸ್ಪ್ರಿಂಗ್ ರೈಫಲ್ ಎರಡು ಕಡೆಗೂ ಒದೆಯುತ್ತದೆ. ಪಿಸ್ಟನ್ ಮುಂದೆ ನುಗ್ಗುವಾಗ ಹಿಂದಕ್ಕೆ, ಅದು ತುದಿಯಲ್ಲಿ ನಿಂತಾಗ ಮುಂದಕ್ಕೆ. ಹಿಂದಿನ ಒದೆತವನ್ನಷ್ಟೇ ಲೆಕ್ಕಹಾಕಿ ಕಟ್ಟಿದ ದುಬಾರಿ ಸ್ಕೋಪ್‌ಗಳ ಒಳಭಾಗವೂ ಇದರಿಂದ ಸಡಿಲವಾಗಬಹುದು. ಸ್ಪ್ರಿಂಗ್ ಏರ್‌ಗನ್‌ಗೆ ಆಗುತ್ತದೆ ಎಂದು ತಯಾರಕರೇ ಹೇಳಿರಬೇಕು. ಮೌಂಟ್ (ಸ್ಕೋಪನ್ನು ಹಿಡಿದಿಡುವ ಹಿಡಿಕೆ) ನಿಮ್ಮ ರೈಫಲ್ ಮೇಲಿನ ಡವ್‌ಟೇಲ್ ಗಾಡಿಯ ಅಳತೆಯದ್ದಿರಲಿ (ಹೆಚ್ಚಿನವು 11 ಮಿ.ಮೀ.), ಸ್ಟಾಪ್ ಪಿನ್ ಇರುವುದನ್ನೇ ಆರಿಸಿ. ಇಲ್ಲದಿದ್ದರೆ ಸ್ಕೋಪ್ ಹಿಂದಕ್ಕೆ ತೆವಳುತ್ತಲೇ ಇರುತ್ತದೆ.

ಹೊಂದಿಸುವಾಗ ಗಾಬರಿ ಬೇಡ. ಕಾಲು ಎಂ.ಒ.ಎ.ಯ (ಎಂ.ಒ.ಎ. ಅಂದರೆ ಒಂದು ಡಿಗ್ರಿಯ 60ರಲ್ಲಿ ಒಂದು ಪಾಲು) ಒಂದು ಕ್ಲಿಕ್ 10 ಮೀಟರಿನಲ್ಲಿ ಸರಿಸುವುದು ಬರೀ 0.7 ಮಿ.ಮೀ. ಪೆಲೆಟ್ 3 ಸೆಂ.ಮೀ. ಕೆಳಗೆ ಬಿದ್ದರೆ 40ಕ್ಕೂ ಹೆಚ್ಚು ಕ್ಲಿಕ್ ತಿರುಗಿಸಬೇಕು. ಸ್ಕೋಪ್ ಕೆಟ್ಟಿಲ್ಲ.

ಮಗಳನ್ನು ಮುಂದೆ ಸ್ಪರ್ಧೆಗೆ ಕಳಿಸುವ ಆಸೆ ಇದೆ ಅಂದಿರಿ. ಹಾಗಿದ್ದರೆ ಅವಳನ್ನು ಸ್ಕೋಪ್‌ಗೆ ಒಗ್ಗಿಸಲೇಬೇಡಿ. ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್‌ನಲ್ಲಿ ದೂರದರ್ಶಕ ಸ್ಕೋಪ್‌ಗೆ ಅನುಮತಿಯೇ ಇಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಈ ಸ್ಪರ್ಧೆಯಲ್ಲೇ, ಹಿಂದೆ ಸಣ್ಣ ರಂಧ್ರದ ಪೀಪ್ ಸೈಟ್, ಮುಂದೆ ಗುರಿಯನ್ನು ಒಳಗೆ ಕೂರಿಸುವ ಒಂದು ಬಳೆಯಾಕಾರದ ಸೈಟ್ ಇಟ್ಟುಕೊಂಡು. ಗುರಿಯಲ್ಲಿ ಹತ್ತು ಅಂಕದ ಚುಕ್ಕಿ ಅರ್ಧ ಮಿ.ಮೀ. ಮಾತ್ರ. ಅವಳ ಪಾಲಿನ ದುಡ್ಡನ್ನು ಪೀಪ್ ಸೈಟ್‌ಗೂ ಒಳ್ಳೆಯ ಪೆಲೆಟ್‌ಗಳಿಗೂ ಹಾಕಿ, ಕೋಚ್ ಇರುವ ರೇಂಜ್‌ಗೆ ಈಗಲೇ ಸೇರಿಸಿ.