ಅಪ್ಪನ ಜೀವನಚರಿತ್ರೆಯಲ್ಲಿ ಅಮ್ಮನ ಬಳೆಗಳು

ಪ್ರಶ್ನೆ: ಅಪ್ಪ ತೀರಿಕೊಂಡು ಒಂದು ವರ್ಷವಾಗುತ್ತಾ ಬಂತು. ಹಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿದ್ದ ಅವರು ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚಿನ ಸಭೆಯ ಕಾರ್ಯದರ್ಶಿಯಾಗಿ, ಸಂಡೇ ಸ್ಕೂಲ್ ಶಿಕ್ಷಕರಾಗಿ ದಶಕಗಳ ಕಾಲ ದುಡಿದವರು; ಮನೆಯಲ್ಲಿ ನಮ್ಮ ಮೇಲೆ ಒಮ್ಮೆಯೂ ಕೈ ಎತ್ತದ, ಅಕ್ಕರೆಯ ತಂದೆ. ವರ್ಷದ ಸ್ಮರಣಾರ್ಥ ಆರಾಧನೆಯಲ್ಲಿ ಅವರ ಜೀವನಚರಿತ್ರೆಯನ್ನು ನಾನೇ ಬರೆದು ಓದಬೇಕೆಂದು ಸಭಾಪಾಲಕರು ಕೇಳಿದ್ದಾರೆ. ಬಡ ಮಕ್ಕಳ ಶಾಲಾ ಶುಲ್ಕವನ್ನು ಅಪ್ಪ ಕಟ್ಟುತ್ತಿದ್ದರೆಂದು ಸಭೆಯವರು ಇಂದಿಗೂ ಕೊಂಡಾಡುತ್ತಾರೆ. ಆ ಹಣಕ್ಕಾಗಿ ಅಮ್ಮನ ಬಳೆಗಳು ಗಿರವಿಗೆ ಹೋದದ್ದು, ಅದರಲ್ಲಿ ಒಂದು ಜೊತೆ ಮರಳಿ ಬಾರದೇ ಉಳಿದದ್ದು ನಮಗೆ ಮಾತ್ರ ಗೊತ್ತು. ಅದನ್ನು ಹೇಳಬೇಕೆಂದು ನನಗಾಸೆ. ಹೇಳಿದರೆ ಅಪ್ಪನ ಹೆಸರಿಗೆ ಕುಂದು ಬರುತ್ತದೆ, ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದೆಂದು ಬೈಬಲಿನಲ್ಲಿ ವಾಕ್ಯವೇ ಇದೆ ಎನ್ನುತ್ತಾನೆ ಅಣ್ಣ. ಅಮ್ಮ ಏನೂ ಹೇಳುವುದಿಲ್ಲ. ಏನು ಮಾಡಲಿ?
– ಮಗಳು, ಮಂಗಳೂರು

ಪ್ರಿಯ ಸಹೋದರಿ,

ಹೇಳಿ ಎನ್ನುವುದೇ ನನ್ನ ಅಭಿಪ್ರಾಯ. ಆದರೆ ಅಮ್ಮನ ಒಪ್ಪಿಗೆಯಿಲ್ಲದೆ ಒಂದು ಅಕ್ಷರವನ್ನೂ ಬರೆಯಬೇಡಿ.

ಮೊದಲು ಅಣ್ಣನ ಮಾತು. ಅವರು ನೆನಪಿಸಿದ ವಾಕ್ಯ ಮತ್ತಾಯನ ಸುವಾರ್ತೆಯ ಆರನೇ ಅಧ್ಯಾಯದ್ದು. ಜನರಿಂದ ಹೊಗಳಿಸಿಕೊಳ್ಳಲು ತುತೂರಿ ಊದಿಸಿ ದಾನ ಮಾಡುವವರನ್ನು ಕುರಿತು ಯೇಸು ಆಡಿದ ಎಚ್ಚರಿಕೆಯ ಮಾತು. ಅದು ಕೊಡುವವನ ನಾಲಿಗೆಗೆ ಹಾಕಿದ ಕಡಿವಾಣವೇ ಹೊರತು ಕೃತಜ್ಞತೆ ಸಲ್ಲಿಸುವವರ ಬಾಯಿಗೆ ಹಾಕಿದ ಬೀಗವಲ್ಲ. ಅದೂ ಅಲ್ಲದೆ ನಿಮ್ಮ ತಂದೆಯವರ ದಾನ ಈಗಾಗಲೇ ಸಭೆಯವರೆಲ್ಲರಿಗೂ ತಿಳಿದಿದೆ. ತಿಳಿಯದೆ ಉಳಿದಿರುವುದು ಅದರಲ್ಲಿ ತಾಯಿಯವರ ಪಾಲು ಮಾತ್ರ. ಲೂಕನ ಸುವಾರ್ತೆಯ ಎಂಟನೇ ಅಧ್ಯಾಯದ ಆರಂಭವನ್ನು ಅಣ್ಣನೊಂದಿಗೆ ಕೂತು ಓದಿ. ಯೇಸುವಿನ ಸಂಚಾರಕ್ಕೆ ತಮ್ಮ ಸ್ವತ್ತಿನಿಂದ ನೆರವಾದ ಹೆಂಗಸರು ಹಲವರಿದ್ದರೆಂದು ಹೇಳಿ ಸುಮ್ಮನಾಗದೆ, ಹೆರೋದನ ಮನೆವಾರ್ತೆಯವನಾದ ಕೂಜನ ಹೆಂಡತಿ ಯೋಹಾನಳನ್ನೂ ಸುಸನ್ನಳನ್ನೂ ಲೂಕನು ಹೆಸರಿಟ್ಟು ಬರೆದಿದ್ದಾನೆ. ಹಾಗೆ ಬರೆದುದರಿಂದ ಯಾರ ಗೌರವಕ್ಕೂ ಕೊರತೆಯಾಗಿಲ್ಲ.

ಅಪ್ಪನವರ ಆ ಕೊಡುಗೈಯ ಬೇರು ಎಲ್ಲಿತ್ತೆಂಬುದನ್ನೂ ನೆನೆಯಬೇಕು. 1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದ ಮೇಲೆ ಕ್ರೈಸ್ತರಾದವರಲ್ಲಿ ಎಷ್ಟೋ ಮಂದಿ ಹುಟ್ಟಿದ ಮನೆಯ ಆಸರೆಯನ್ನೂ ಕುಲಕಸುಬನ್ನೂ ಒಟ್ಟಿಗೆ ಕಳೆದುಕೊಂಡರು. ಮಿಷನ್ ನೇಯ್ಗೆಯ ಕಾರ್ಖಾನೆಗಳನ್ನೂ, 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಆರಂಭಿಸಿದ್ದಕ್ಕೆ ಅಂಥವರ ಹೊಟ್ಟೆಪಾಡೂ ಒಂದು ಮುಖ್ಯ ಕಾರಣ. ಬಂಧುಬಳಗ ಕೈಬಿಟ್ಟವರಿಗೆ ಸಭೆಯೇ ಬಂಧುಬಳಗವಾಗಬೇಕಾಗಿತ್ತು. ಅಂಥ ಪರಂಪರೆಯಲ್ಲಿ ಬೆಳೆದ ಸಭಾ ಹಿರಿಯರೊಬ್ಬರಿಗೆ ಬೇರೆ ಮನೆಯ ಮಗುವಿನ ಶುಲ್ಕ ತನ್ನ ಮನೆಯ ಖರ್ಚಿನಂತೆಯೇ ಕಂಡಿದ್ದರೆ ಆಶ್ಚರ್ಯವಿಲ್ಲ. ಇದನ್ನು ನೀವು ಬರೆದರೆ ಅಪ್ಪ ಏಕೆ ಹಾಗೆ ನಡೆದುಕೊಂಡರೆಂಬುದು ಮೊಮ್ಮಕ್ಕಳಿಗೂ ಅರ್ಥವಾಗುತ್ತದೆ. ಆದರೆ ಅದೇ ಪರಂಪರೆಯವರು ಓದುವ ಬೈಬಲಿನಲ್ಲಿ, ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯು, ಸಭೆಯ ಜವಾಬ್ದಾರಿ ಹೊರುವವನು ಮೊದಲು ತನ್ನ ಮನೆಯನ್ನು ಚೆನ್ನಾಗಿ ನಡೆಸಬೇಕೆಂದೂ ಹೇಳುತ್ತದೆ. ನಿಮ್ಮ ಮನೆ ನಡೆದದ್ದು ಯಾರಿಂದ ಎಂಬ ಪ್ರಶ್ನೆ ಆದ್ದರಿಂದ ಅಪ್ಪನ ಸಭಾಸೇವೆಯ ಕಥೆಗೆ ಹೊರಗಿನದಲ್ಲ.

ಇನ್ನು ಅಮ್ಮ. ಬಳೆಗಳನ್ನು ಅವರು ತಾವಾಗಿ ಬಿಚ್ಚಿಕೊಟ್ಟರೇ, ಇಲ್ಲ ಎನ್ನಲಾರದೆ ಕೊಟ್ಟರೇ ಎಂಬುದು ನಿಮ್ಮ ಪತ್ರದಿಂದ ತಿಳಿಯುವುದಿಲ್ಲ. ಬಹುಶಃ ನಿಮಗೂ ಖಚಿತವಾಗಿ ತಿಳಿದಿರಲಾರದು. ಅವೆರಡೂ ಬೇರೆ ಬೇರೆ ಕಥೆಗಳು, ಮತ್ತು ಯಾವುದು ನಿಜವೆಂದು ಹೇಳುವ ಹಕ್ಕು ಅವರೊಬ್ಬರದೇ. ಅಣ್ಣ ಮನೆಯಲ್ಲಿಲ್ಲದ ಹೊತ್ತು ನೋಡಿ, ‘ಓದಲೇ, ಬೇಡವೇ’ ಎಂದು ಅನುಮತಿ ಕೇಳುವ ಬದಲು, ‘ಅಮ್ಮಾ, ಆ ಬಳೆಗಳನ್ನು ಮಾಡಿಸಿದ್ದು ಯಾವಾಗ?’ ಎಂದು ಕೇಳಿ. ಉಳಿದದ್ದು ತಾನಾಗಿ ಬರಲಿ. ಮನಸ್ಸಿನಿಂದಲೇ ಕೊಟ್ಟೆ ಎಂದು ಅವರು ಹೇಳಿದರೆ, ಹೀಗೆ ಬರೆಯಬಹುದು: ‘ಮಕ್ಕಳ ಶುಲ್ಕಕ್ಕೆ ಅಪ್ಪನ ಸಂಬಳ ಸಾಲದೆ ಹೋದಾಗ ಅಮ್ಮ ತಮ್ಮ ಬಳೆಗಳನ್ನು ಕೊಟ್ಟರು. ಆ ಮಕ್ಕಳು ಓದಿದ್ದು ಇಬ್ಬರ ತ್ಯಾಗದಿಂದ.’ ನೋವಿನಿಂದ ಕೊಟ್ಟೆ ಎಂದರೆ, ಅದನ್ನು ಆರಾಧನೆಗೆ ತರುವ ಮಾತು ಆಮೇಲಿನದು. ಇಷ್ಟು ವರ್ಷ ಯಾರೂ ಕೇಳದಿದ್ದ ಆ ನೋವನ್ನು ಮೊದಲು ಮಕ್ಕಳಾದ ನೀವಿಬ್ಬರೂ ಕೇಳಿಸಿಕೊಳ್ಳಬೇಕು.

ನಿಮ್ಮ ಬರವಣಿಗೆಯಲ್ಲಿ ಅಪ್ಪನ ಮೇಲಿನ ಸಿಟ್ಟೇನಾದರೂ ಸೇರಿಕೊಂಡಿದೆಯೇ ಎಂದೂ ನೋಡಿಕೊಳ್ಳಿ. ಇದ್ದರೆ ತಪ್ಪೇನಲ್ಲ. ಪ್ರೀತಿಸಿದವರ ಮೇಲೆಯೇ ಅಂಥ ಸಿಟ್ಟು ಬರುವುದು. ಆದರೆ ಉತ್ತರ ಕೊಡಲಾರದವರ ಮೇಲಿನ ದೂರನ್ನು ತುಂಬಿದ ಸಭೆಯ ಮುಂದೆ ಓದಿದರೆ, ಕುಗ್ಗಿಹೋಗುವವರು ಮುಂದಿನ ಸಾಲಿನಲ್ಲಿ ಕುಳಿತ ನಿಮ್ಮ ಅಮ್ಮ.

ದೈವಭಕ್ತರ ಜೀವನಚರಿತ್ರೆ ಎಂದರೆ ಬರಿಯ ಹೊಗಳಿಕೆಯಾಗಬೇಕೆಂಬ ನಿಯಮವಿಲ್ಲ. ಜರ್ಮನಿಯ ಹೆರ್ನ್‌ಹುಟ್‌ನ ಮೊರಾವಿಯನ್ ಕ್ರೈಸ್ತರಲ್ಲಿ 18ನೇ ಶತಮಾನದಿಂದಲೇ ಸದಸ್ಯರು ತಮ್ಮ ಬದುಕಿನ ಕಥೆಯನ್ನು ತಾವೇ ಬರೆದಿಡುತ್ತಿದ್ದರು. ಸಂದೇಹಗಳನ್ನೂ ಸೋಲುಗಳನ್ನೂ ಒಳಗೊಂಡ ಆ ಬರಹವನ್ನು ಅವರ ಶವಸಂಸ್ಕಾರದಲ್ಲಿ ಸಭೆಗೆ ಓದಿ ಹೇಳುತ್ತಿದ್ದರು. ‘ಆದರ್ಶ ತಂದೆ’, ‘ನಿಷ್ಠಾವಂತ ಸೇವಕ’ ಎಂಬ ಪದಗಳನ್ನು ನೀವೂ ಬದಿಗಿಡಿ, ಏಕೆಂದರೆ ಅವು ಯಾರಿಗೆ ಬೇಕಾದರೂ ಒಪ್ಪುತ್ತವೆ. ಸಭೆಯ ಲೆಕ್ಕ ಹೊಂದದ ರಾತ್ರಿ ಅಪ್ಪ ಹೇಗಿರುತ್ತಿದ್ದರು, ಸಂಡೇ ಸ್ಕೂಲಿನ ತುಂಟ ಹುಡುಗನನ್ನು ಹೇಗೆ ಒಲಿಸಿಕೊಂಡರು, ನಿಮಗೆ ಜ್ವರ ಬಂದಾಗ ಸಮಿತಿಯ ಸಭೆಯನ್ನು ಬಿಟ್ಟು ಮನೆಗೆ ಬಂದದ್ದುಂಟೇ, ಇಂಥವುಗಳನ್ನು ಬರೆಯಿರಿ. ಮನೆಯ ಅಪ್ಪನೂ ಸಭೆಯ ಕಾರ್ಯದರ್ಶಿಯೂ ಒಬ್ಬನೇ ಮನುಷ್ಯನೆಂದು ಕೇಳುವವರಿಗೆ ಆಗ ತಿಳಿಯುತ್ತದೆ.

ಬರಹ ಎರಡು ಪುಟ ಮೀರದಿರಲಿ. ಸಿದ್ಧವಾದೊಡನೆ ಅಮ್ಮನಿಗೆ ಪೂರ್ತಿ ಓದಿ ಹೇಳಿ, ಆಮೇಲೆ ಅಣ್ಣನಿಗೆ ಕೊಡಿ; ಸಭಾಸೇವೆಯ ಭಾಗವನ್ನು ಅವರೇ ಓದುವಂತೆ ಕೇಳಿಕೊಳ್ಳಿ. ಬಳೆಗಳ ಮಾತು ಬೇಡವೆಂದು ಅಮ್ಮ ಹೇಳಿದರೆ ಅದನ್ನು ಪೂರ್ತಿಯಾಗಿ ತೆಗೆದುಬಿಡಿ, ಸೂಚನೆಯಾಗಿಯೂ ಉಳಿಸಬೇಡಿ. ಆದರೆ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬೇರೊಂದು ಪುಸ್ತಕದಲ್ಲಿ ಬರೆದಿಡಲು ಒಪ್ಪುವರೇ ಎಂದು ಕೇಳಿ ನೋಡಿ. ಅಮ್ಮನ ಜೀವನಚರಿತ್ರೆಯನ್ನು ಅವರ ಬಾಯಿಂದಲೇ ಕೇಳಿ ಬರೆಯಲು ನಿಮಗಿನ್ನೂ ಅವಕಾಶವಿದೆ.